ಮೃತ್ಯುಪತ್ರವೂ ದಾಸೋಹಧರ್ಮವೂ

ಗೃಹಸ್ಥನಾದವನು ತನ್ನ ಸಂಸಾರದ ಸಕಲ ವ್ಯವಹಾರಗಳನ್ನೂ ಮುಂದಾಲೋಚನೆಯಿಂದ ನಡೆಸುತ್ತಾನೆ. ಬಿತ್ತನೆಗೆ ಮುನ್ನವೇ ಬೀಜವನ್ನು ಆರಿಸಿ ತೆಗೆದಿಡುತ್ತಾನೆ. ಮಳೆಗಾಲ ಬರುವ ಮೊದಲೇ ಮಾಳಿಗೆಗೆ ಮಣ್ಣು ಹಾಕಿಸುತ್ತಾನೆ. ಮಕ್ಕಳು ಚಿಕ್ಕವರಿರುವಾಗಲೇ ಅವರ ವಿದ್ಯೆಯನ್ನೂ ವಿವಾಹವನ್ನೂ ಕುರಿತು ಚಿಂತಿಸುತ್ತಾನೆ. ಆದರೆ ತಾನು ಲಿಂಗೈಕ್ಯನಾದ ಬಳಿಕ ತನ್ನ ಕೈಯಲ್ಲಿ ಉಳಿದುದು ಏನಾಗಬೇಕೆಂಬ ಒಂದು ವಿಷಯದಲ್ಲಿ ಮಾತ್ರ ಅವನು ಮೌನಿಯಾಗುತ್ತಾನೆ. ಆ ಮಾತನ್ನು ಎತ್ತುವುದೇ ಅಮಂಗಳವೆಂದು ಹೆಂಡತಿ ಮಕ್ಕಳೂ ಸುಮ್ಮನಿರುತ್ತಾರೆ. ಊರಿನ ಉಚಿತ ಪ್ರಸಾದನಿಲಯಕ್ಕೆ ಒಂದಿಷ್ಟು ಕೊಡಬೇಕು, ಅನಾಥ ಮಕ್ಕಳ ವಿದ್ಯೆಗೆ ಒಂದಿಷ್ಟು ಬಿಡಬೇಕು ಎಂದು ಇಪ್ಪತ್ತು ವರುಷ ಮನಸ್ಸಿನಲ್ಲಿ ಎಣಿಸಿದವನ ಎಣಿಕೆಯು ಕೊನೆಗೆ ಅವನೊಡನೆಯೇ ಸಮಾಧಿಯನ್ನು ಸೇರುತ್ತದೆ.

ಇದಕ್ಕೆ ಪರಿಹಾರವೆಂದು ಅನೇಕ ದೇಶಗಳಲ್ಲಿ ಧರ್ಮಸಂಸ್ಥೆಗಳು ಒಂದು ಮಾರ್ಗವನ್ನು ಹಿಡಿದಿವೆ. ಊರಿನ ಅಥವಾ ನಾಡಿನ ಸೇವಾಸಂಸ್ಥೆಗಳೆಲ್ಲ ಒಂದುಗೂಡಿ, ಗೃಹಸ್ಥರು ಬದುಕಿರುವಾಗಲೇ ಯೋಚಿಸಿ, ಮೃತ್ಯುಪತ್ರದಲ್ಲಿ ಧರ್ಮಕಾರ್ಯಕ್ಕೆ ಒಂದು ಪಾಲನ್ನು ಬರೆದಿಡುವಂತೆ ತಿಳಿವಳಿಕೆ ಕೊಡುವುದೇ ಆ ಮಾರ್ಗ. ಹಳೆಯ ಮೈಸೂರಿನ ಕಡೆ ಉಯಿಲು ಎಂದೂ, ಉತ್ತರದ ಜಿಲ್ಲೆಗಳಲ್ಲಿ ಮೃತ್ಯುಪತ್ರವೆಂದೂ ಕರೆಯುವ ಈ ಪತ್ರವು ಕೇವಲ ವಕೀಲರಿಗೆ ಸಂಬಂಧಿಸಿದ ಸಂಗತಿಯೆಂದು ಹಲವರು ತಿಳಿದಿದ್ದಾರೆ. ಆದರೆ ಇದರೊಳಗೆ ಧರ್ಮಸೂಕ್ಷ್ಮವೊಂದು ಅಡಗಿದೆ. ಮರಣಾನಂತರ ಸಲ್ಲುವ ದಾನವು ನಿಜವಾಗಿ ದಾನವೇ? ಅದನ್ನು ಕೇಳುವುದು ಉಚಿತವೇ? ಕೇಳುವುದಾದರೆ ಸಂಸ್ಥೆಗಳು ತಮ್ಮ ತಮ್ಮ ಜೋಳಿಗೆಯನ್ನು ಹಿಡಿದು ಬೇರೆ ಬೇರೆಯಾಗಿ ಕೇಳಬೇಕೇ, ಒಂದೇ ಜೋಳಿಗೆಯಲ್ಲಿ ಕೇಳಬೇಕೇ? ಈ ಮೂರು ಪ್ರಶ್ನೆಗಳು ಸದ್ಭಕ್ತರ ವಿಚಾರಕ್ಕೆ ಅರ್ಹವಾಗಿವೆ.

ಮೊದಲನೆಯ ಪ್ರಶ್ನೆಗೆ ಪೂರ್ವಪಕ್ಷವು ಬಲವಾದುದು. ಶರಣಧರ್ಮದಲ್ಲಿ ದಾನಕ್ಕಿಂತ ದಾಸೋಹವು ಹಿರಿದು. ದಾನದಲ್ಲಿ ನಾನು ಕೊಟ್ಟೆನೆಂಬ ಭಾವವು ಉಳಿಯುವುದುಂಟು. ದಾಸೋಹದಲ್ಲಿ ಕೊಡುವವನು ದಾಸನಾಗಿ ತನ್ನದಲ್ಲದುದನ್ನು ಅದರ ಒಡೆಯನಿಗೆ ಒಪ್ಪಿಸುತ್ತಾನೆ. ಅಂದಂದಿನ ಕಾಯಕ, ಅಂದಂದಿನ ದಾಸೋಹ, ನಾಳೆಗೆಂದು ಕೂಡಿಡದಿರುವ ನಿಲುವು, ಇವು ಶರಣರ ಬಾಳಿನ ಲಕ್ಷಣಗಳು. ಆಯ್ದಕ್ಕಿ ಮಾರಯ್ಯನು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸದೆ ಮರಳಿ ಸುರಿದು ಬರುವಂತೆ ಹೇಳಿದ ಕಥೆಯನ್ನು ಅರಿಯದ ಭಕ್ತರಿಲ್ಲ. ಹೀಗಿರುವಲ್ಲಿ ಜೀವಮಾನವೆಲ್ಲ ಕೂಡಿಟ್ಟು, ಇಟ್ಟುಕೊಳ್ಳಲು ಇನ್ನು ಸಾಧ್ಯವೇ ಇಲ್ಲವೆಂಬ ಗಳಿಗೆಯಲ್ಲಿ ಬಿಟ್ಟುಹೋಗುವುದು ಯಾವ ತ್ಯಾಗ? ಸತ್ತವನು ಏನನ್ನು ಕೊಟ್ಟಾನು? ಅವನು ಕೊಟ್ಟದ್ದು ತನ್ನದನ್ನಲ್ಲ, ತನ್ನ ಮಕ್ಕಳದ್ದನ್ನು. ಇಷ್ಟಾಗಿಯೂ ಕಲ್ಲಿನ ಮೇಲೆ ಹೆಸರು ಮಾತ್ರ ಅವನದೇ. ಇದು ಪೂರ್ವಪಕ್ಷದ ವಾದ.

ಈ ವಾದದಲ್ಲಿ ಸತ್ಯಾಂಶವಿದೆ. ಇಂದೇ ಕೊಡಲು ಶಕ್ತನಾಗಿದ್ದು, ಬಾಗಿಲಿಗೆ ಬಂದ ಬಡ ವಿದ್ಯಾರ್ಥಿಯನ್ನು ಬರಿಗೈಯಲ್ಲಿ ಕಳಿಸಿ, ತನ್ನ ಕಾಲಾನಂತರ ನೋಡಿಕೊಳ್ಳಲೆಂದು ಪತ್ರ ಬರೆದಿಡುವವನು ದಾಸೋಹಿಯಲ್ಲ. ಅವನು ಮೃತ್ಯುವಿನ ಖರ್ಚಿನಲ್ಲಿ ಉದಾರಿಯಾದವನು. ಆದುದರಿಂದ ಮೃತ್ಯುಪತ್ರದ ದಾನವು ಬದುಕಿನ ದಾಸೋಹಕ್ಕೆ ಪ್ರತಿಯಾಗಿ ನಿಲ್ಲಲಾರದು. ಅದರ ಮುಂದುವರಿಕೆಯಾಗಿ ಮಾತ್ರ ನಿಲ್ಲಬಲ್ಲುದು. ಈ ನಿಯಮವನ್ನು ಮೊದಲು ಒಪ್ಪಿಕೊಳ್ಳಬೇಕು.

ಆದರೆ ಗೃಹಸ್ಥನ ಸ್ಥಿತಿಯನ್ನು ಇನ್ನೊಂದು ದಿಕ್ಕಿನಿಂದಲೂ ನೋಡಬೇಕಾಗುತ್ತದೆ. ಒಬ್ಬ ನಿವೃತ್ತ ಶಾಲಾಶಿಕ್ಷಕನನ್ನು ಭಾವಿಸಿಕೊಳ್ಳೋಣ. ಅವನಿಗೊಂದು ಮನೆ, ನಾಲ್ಕು ಎಕರೆ ಹೊಲ, ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ ಇದೆ. ಮನೆಯನ್ನು ಇಂದು ಕೊಟ್ಟರೆ ಅವನಿಗೆ ನೆರಳಿಲ್ಲ. ಠೇವಣಿಯನ್ನು ಇಂದು ಕೊಟ್ಟರೆ ನಾಳೆ ಕಾಯಿಲೆ ಬಿದ್ದಾಗ ಮಕ್ಕಳ ಮೇಲೆ ಭಾರವಾಗಬೇಕು. ತಾನು ಎಷ್ಟು ವರುಷ ಬದುಕುವೆನೆಂಬುದನ್ನು ಅರಿಯದ ಮನುಷ್ಯನಿಗೆ, ತನಗೆ ಎಷ್ಟು ಸಾಕೆಂಬುದನ್ನು ನಿಷ್ಕರ್ಷೆಯಾಗಿ ಹೇಳಲು ಬರುವುದಿಲ್ಲ. ಅವನ ಸಂಗ್ರಹವೆಲ್ಲ ಲೋಭದ ಸಂಗ್ರಹವಲ್ಲ. ಅದರಲ್ಲಿ ಬಹುಭಾಗ ಪರಾಧೀನನಾಗಬಾರದೆಂಬ ವಿವೇಕದ ಸಂಗ್ರಹ. ಅವನ ಕಣ್ಣು ಮುಚ್ಚಿದ ಕ್ಷಣದಲ್ಲಿ ಮಾತ್ರ ಅದರಲ್ಲಿ ಇಷ್ಟು ಅಗತ್ಯ, ಇಷ್ಟು ಅಧಿಕ ಎಂಬುದು ತಿಳಿಯುತ್ತದೆ. ಆ ಅಧಿಕವನ್ನು ಕುರಿತು ಮೊದಲೇ ಮಾಡಿದ ಸಂಕಲ್ಪವೇ ಮೃತ್ಯುಪತ್ರ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಹಣವು ಕೈಬಿಡುವುದು ಮರಣಾನಂತರವಾದರೂ, ಮಮಕಾರವು ಕೈಬಿಡುವುದು ಬರೆಯುವ ದಿನವೇ. ಇದು ತನ್ನದಲ್ಲ, ತನ್ನ ವಶದಲ್ಲಿ ಇರಿಸಿದ್ದು ಎಂದು ಒಮ್ಮೆ ಸಹಿ ಮಾಡಿದವನು ಅಂದಿನಿಂದ ಆ ಸೊತ್ತಿನ ಒಡೆಯನಾಗಿ ಉಳಿಯುವುದಿಲ್ಲ, ಅದರ ಭಂಡಾರಿಯಾಗುತ್ತಾನೆ. ಅದೇ ಮನೆಯಲ್ಲಿ ಮಲಗುತ್ತಾನೆ, ಅದೇ ಹೊಲವನ್ನು ಉಳುತ್ತಾನೆ. ಆದರೆ ಭಾವವು ಬೇರೆಯಾಗಿರುತ್ತದೆ. ದಾಸೋಹವು ಕ್ರಿಯೆಗಿಂತ ಮೊದಲು ಭಾವದಲ್ಲಿ ಹುಟ್ಟುವುದೆಂಬುದನ್ನು ಒಪ್ಪುವವರು, ಈ ಪತ್ರವನ್ನು ಬರೆಯುವ ಕೈಯಲ್ಲಿ ದಾಸೋಹವಿಲ್ಲವೆಂದು ಹೇಳಲಾರರು.

ಹಾಗಾದರೆ ಮಕ್ಕಳ ಹಕ್ಕು ಏನಾಯಿತು? ಈ ಆಕ್ಷೇಪಕ್ಕೆ ಧರ್ಮವೂ ಕಾನೂನೂ ಒಂದೇ ಉತ್ತರವನ್ನು ಕೊಡುತ್ತವೆ: ತನ್ನದಲ್ಲದುದನ್ನು ಯಾರೂ ಕೊಡಲಾಗದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಒಳಗೊಂಡಿದೆ. ಅದರ 30ನೆಯ ಕಲಮಿನ ಪ್ರಕಾರ ಒಬ್ಬನು ತನ್ನ ಸ್ವಾರ್ಜಿತವನ್ನೂ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನೂ ಮೃತ್ಯುಪತ್ರದಿಂದ ವಿನಿಯೋಗಿಸಬಹುದು. ಇತರರ ಪಾಲನ್ನು ಮುಟ್ಟುವಂತಿಲ್ಲ. 2005ರ ತಿದ್ದುಪಡಿಯ ಬಳಿಕ ಪಿತ್ರಾರ್ಜಿತದಲ್ಲಿ ಮಗಳೂ ಮಗನಂತೆಯೇ ಸಮಭಾಗಿಯಾಗಿದ್ದಾಳೆ. ಮಗಳ ಪಾಲನ್ನು ಅಡಗಿಸಿ ಧರ್ಮಸಂಸ್ಥೆಗೆ ಕೊಟ್ಟರೆ ಅದು ಧರ್ಮವಾಗದು. ವೃದ್ಧೆಯಾದ ಪತ್ನಿಯ ಜೀವನಕ್ಕೂ, ಅಂಗವಿಕಲನಾದ ಮಗನ ಪೋಷಣೆಗೂ ಮೊದಲು ಏರ್ಪಾಡು ಮಾಡಿ, ಆಮೇಲೆ ಉಳಿದುದರಲ್ಲಿ ಭಾಗವನ್ನು ನಿಶ್ಚಯಿಸುವುದೇ ಸರಿಯಾದ ಕ್ರಮ. ಆ ಭಾಗವು ದೊಡ್ಡದಾಗಿರಬೇಕೆಂಬ ನಿರ್ಬಂಧವೂ ಇಲ್ಲ. ಬ್ರಿಟನ್ನಿನಲ್ಲಿ 2012ರಿಂದ, ತೆರಿಗೆಗೆ ಒಳಪಡುವ ಆಸ್ತಿಯಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಧರ್ಮಕ್ಕೆ ಬಿಟ್ಟವರಿಗೆ, ಉಳಿದುದರ ಮೇಲಿನ ವಾರಸಾ ತೆರಿಗೆಯನ್ನು ನೂರಕ್ಕೆ 40ರಿಂದ 36ಕ್ಕೆ ಇಳಿಸುವ ಏರ್ಪಾಡಿದೆ. ಭಾರತದಲ್ಲಿ 1953ರಲ್ಲಿ ಬಂದ ಮರಣ ತೆರಿಗೆಯು 1985ರಲ್ಲಿ ರದ್ದಾಯಿತು. ಆದುದರಿಂದ ಇಲ್ಲಿ ಪತ್ರ ಬರೆಯುವವನಿಗೆ ಆ ತೆರಿಗೆಯ ಲಾಭವೆಂಬ ಪ್ರೇರಣೆಯಿಲ್ಲ. ಬರೆದರೆ ಧರ್ಮಬುದ್ಧಿಯಿಂದಲೇ ಬರೆಯಬೇಕು. ಇದು ಒಂದು ಕೊರತೆಯಂತೆ ತೋರಿದರೂ ವಿಚಾರಿಸಿದರೆ ಭಾಗ್ಯವೇ ಸರಿ.

ಕನ್ನಡನಾಡಿಗೆ ಇಂತಹ ದಾನದ ಪರಿಚಯವಿಲ್ಲದಿಲ್ಲ. 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾಭ್ಯಾಸಕ್ಕೆ ಮುಡಿಪಾಗಿಟ್ಟರು. ಆ ನಿಧಿಯ ವಿದ್ಯಾರ್ಥಿವೇತನದಿಂದ ಓದಿದವರು ತಲೆತಲಾಂತರಗಳಲ್ಲಿ ನಾಡಿನ ಅನೇಕ ಸ್ಥಾನಗಳನ್ನು ಬೆಳಗಿದ್ದಾರೆ. ಜನರು ಅವರನ್ನು ತ್ಯಾಗವೀರರೆಂದು ಕರೆದರು. ಮರಣಾನಂತರದ ದಾನಕ್ಕೆ ತ್ಯಾಗವೆಂಬ ಹೆಸರು ಸಲ್ಲದೆಂಬ ಪೂರ್ವಪಕ್ಷವನ್ನು ಜನರ ಈ ಒಂದು ಮಾತೇ ಬಹುಕಾಲದ ಹಿಂದೆ ನಿರಾಕರಿಸಿದೆ.

ಎಲ್ಲ ಮೃತ್ಯುಪತ್ರಗಳೂ ಇಂತಹ ಫಲವನ್ನು ಕೊಟ್ಟಿಲ್ಲವೆಂಬುದೂ ನಿಜ. ಅಮೆರಿಕದ ಸೇಂಟ್ ಲೂಯಿಸ್ ನಗರದ ಬ್ರಯನ್ ಮುಲನ್‌ಫಿ ಎಂಬ ಗೃಹಸ್ಥನು 1851ರಲ್ಲಿ ತೀರಿಕೊಂಡಾಗ, ತನ್ನ ಆಸ್ತಿಯ ಮೂರನೆಯ ಒಂದು ಪಾಲನ್ನು ಆ ನಗರದ ಮಾರ್ಗವಾಗಿ ಪಶ್ಚಿಮದ ನಾಡುಗಳಲ್ಲಿ ನೆಲೆಸಲು ಹೋಗುವ ಬಡ ಪ್ರಯಾಣಿಕರಿಗೆಂದು ಬರೆದಿಟ್ಟಿದ್ದನು. ಅಂದು ಬಂಡಿಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತಿದ್ದ ಆ ಪ್ರಯಾಣದಲ್ಲಿ ಬಡವರ ಪಾಡು ಹೇಳತೀರದು. ಕೆಲವು ದಶಕಗಳಲ್ಲಿ ರೈಲುಮಾರ್ಗ ಬಂದಿತು, ಬಂಡಿಗಳು ನಿಂತುವು, ಹಣವಿತ್ತು, ಹಣವನ್ನು ಪಡೆಯಬೇಕಾದವರು ಇರಲಿಲ್ಲ. 1790ರಲ್ಲಿ ತೀರಿಕೊಂಡ ಬೆಂಜಮಿನ್ ಫ್ರಾಂಕ್ಲಿನ್ನನು ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ಒಂದೊಂದು ಸಾವಿರ ಪೌಂಡುಗಳನ್ನು 200 ವರುಷಗಳ ಅವಧಿಗೆ ಬಿಟ್ಟುಹೋದನು. ಕಸುಬು ಕಲಿತ ತರುಣ ವಿವಾಹಿತರಿಗೆ ನೂರಕ್ಕೆ 5ರ ಬಡ್ಡಿಯಲ್ಲಿ ಸಾಲ ಕೊಟ್ಟು ಅದನ್ನು ಬೆಳೆಸಬೇಕೆಂಬುದು ಅವನ ನಿಬಂಧನೆ. ಕಾಲಕ್ರಮದಲ್ಲಿ ಗುರುವಿನ ಬಳಿ ಇದ್ದು ಕಸುಬು ಕಲಿಯುವ ಪದ್ಧತಿಯೇ ಕ್ಷೀಣಿಸಿ, ಸಾಲ ಪಡೆಯಲು ಅರ್ಹರು ವಿರಳರಾದರು. 1990ರಲ್ಲಿ ಅವಧಿ ಮುಗಿದಾಗ ಬಾಸ್ಟನ್ನಿನ ನಿಧಿಯು ಸುಮಾರು 50 ಲಕ್ಷ ಡಾಲರು, ಫಿಲಡೆಲ್ಫಿಯಾದ್ದು 20 ಲಕ್ಷ ಡಾಲರಿಗೆ ಸ್ವಲ್ಪ ಹೆಚ್ಚು ಆಗಿದ್ದಿತು. ಹಣವು ಬೆಳೆದರೂ, ದಾನಿಯು ಕಂಡಿದ್ದ ಲೋಕವು ಉಳಿದಿರಲಿಲ್ಲ.

ಆಲ್ಫ್ರೆಡ್ ನೊಬೆಲ್ಲನ ಪ್ರಸಂಗವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಅವನು 1895ರ ನವೆಂಬರ್ 27ರಂದು ಪ್ಯಾರಿಸ್ಸಿನಲ್ಲಿ ವಕೀಲರ ಸಹಾಯವಿಲ್ಲದೆಯೇ ತನ್ನ ಮೃತ್ಯುಪತ್ರಕ್ಕೆ ಸಹಿ ಮಾಡಿದನು. ಬಹುಮಾನಗಳನ್ನು ಕೊಡಬೇಕಾದ ಸಂಸ್ಥೆಗಳನ್ನು ಹೆಸರಿಸಿದನಲ್ಲದೆ ಅವುಗಳ ಒಪ್ಪಿಗೆಯನ್ನು ಮೊದಲೇ ಕೇಳಲಿಲ್ಲ. ಬಂಧುಗಳಿಗೂ ಮನವರಿಕೆ ಮಾಡಿಕೊಡಲಿಲ್ಲ. ಮುಂದಿನ ವರುಷ ಡಿಸೆಂಬರಿನಲ್ಲಿ ಅವನು ತೀರಿಕೊಂಡ ಬಳಿಕ ಬಂಧುಗಳ ಆಕ್ಷೇಪ, ಸಂಸ್ಥೆಗಳ ಹಿಂಜರಿಕೆ, ನಿಯಮಗಳ ರಚನೆ ಇವುಗಳಲ್ಲಿಯೇ ವರುಷಗಳು ಕಳೆದು, 1901ರಲ್ಲಿ ಮೊದಲ ಬಹುಮಾನಗಳನ್ನು ಕೊಡುವಂತಾಯಿತು. ಅಂತಹ ದೊಡ್ಡ ಐಶ್ವರ್ಯಕ್ಕೆ ಕಾದಾಡುವ ಶಕ್ತಿಯಿದ್ದಿತು. ಸಣ್ಣ ಗೃಹಸ್ಥನ ಸಣ್ಣ ದತ್ತಿಗೆ ಅಷ್ಟು ತಡೆಯುವ ಬಲವೆಲ್ಲಿಯದು? ಅದು ನ್ಯಾಯಾಲಯದ ಮೆಟ್ಟಿಲುಗಳಲ್ಲಿಯೇ ಕರಗಿಹೋಗುತ್ತದೆ.

ಈ ದೋಷಗಳನ್ನು ಕಂಡು ಪರಿಹಾರವನ್ನು ಯೋಚಿಸಿದವನು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಫ್ರೆಡರಿಕ್ ಗಾಫ್. ಅವನು ವಕೀಲನಾಗಿದ್ದು ಆಮೇಲೆ ಬ್ಯಾಂಕಿನ ಅಧ್ಯಕ್ಷನಾದವನು. ಸತ್ತವರ ಕೈಯು ಬದುಕಿರುವವರ ಕುತ್ತಿಗೆಯನ್ನು ಹಿಡಿದಿರಬಾರದೆಂಬುದು ಅವನ ಚಿಂತೆ. ಅವನ ಯತ್ನದಿಂದ 1914ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡ್ ಫೌಂಡೇಶನ್ ಸ್ಥಾಪಿತವಾಯಿತು. ಊರಿನ ಅನೇಕ ಜನರು ಬಿಟ್ಟುಹೋಗುವ ದತ್ತಿಗಳನ್ನೆಲ್ಲ ಒಂದು ನಿಧಿಯಲ್ಲಿ ಕೂಡಿಸುವುದು, ಮೂಲಧನವನ್ನು ಬ್ಯಾಂಕು ಕಾಯುವುದು, ಹುಟ್ಟುವಳಿಯನ್ನು ಊರಿನ ಹಿತವನ್ನರಿತ ನಾಗರಿಕರ ಸಮಿತಿಯೊಂದು ಹಂಚುವುದು, ದಾನಿಯು ಹೇಳಿದ ಉದ್ದೇಶವು ಕಾಲಾಂತರದಲ್ಲಿ ನಿರರ್ಥಕವಾದರೆ ಆ ಸಮಿತಿಯು ಅದನ್ನು ಹೊಸ ಅಗತ್ಯಕ್ಕೆ ಹೊಂದಿಸುವುದು, ಇದು ಅದರ ಕ್ರಮ. ಸಮಿತಿಯ ಕೆಲವು ಸದಸ್ಯರನ್ನು ನಗರಾಧ್ಯಕ್ಷನೂ ನ್ಯಾಯಾಧೀಶರೂ ನೇಮಿಸುತ್ತಿದ್ದರಾದುದರಿಂದ ಅದು ಬ್ಯಾಂಕಿನ ಸ್ವಂತ ಸಂಸ್ಥೆಯಾಗದೆ ಊರಿನ ಸಂಸ್ಥೆಯಾಯಿತು. ಇಂದು ಆ ದೇಶದಲ್ಲಿ ಇಂತಹ ಊರ ನಿಧಿಗಳು ನೂರಾರಿವೆ.

ಇನ್ನು ಕೇಳುವ ವಿಷಯ. ಬ್ರಿಟನ್ನಿನಲ್ಲಿ 1988ರಲ್ಲಿ ‘ವಿಲ್ ಏಡ್’ ಎಂಬ ಏರ್ಪಾಡು ಆರಂಭವಾಯಿತು. ಅದರಲ್ಲಿ ಭಾಗವಹಿಸುವ ವಕೀಲರು ನವೆಂಬರ್ ತಿಂಗಳಲ್ಲಿ ಸರಳವಾದ ಮೃತ್ಯುಪತ್ರಗಳನ್ನು ತಮ್ಮ ಶುಲ್ಕವಿಲ್ಲದೆ ಬರೆದುಕೊಡುತ್ತಾರೆ. ಬರೆಸಿಕೊಂಡವನು ಇಷ್ಟವಿದ್ದಲ್ಲಿ ಆ ಹಣವನ್ನು ದಾನವಾಗಿ ಕೊಡುತ್ತಾನೆ. ಅದನ್ನು ಕೂಡಿಕೊಂಡ ಸೇವಾಸಂಸ್ಥೆಗಳು ಹಂಚಿಕೊಳ್ಳುತ್ತವೆ. 2000ದಲ್ಲಿ ಅನೇಕ ಸಂಸ್ಥೆಗಳು ‘ರಿಮೆಂಬರ್ ಎ ಚಾರಿಟಿ’ ಎಂಬ ಹೆಸರಿನಲ್ಲಿ ಒಂದಾಗಿ, ಯಾವ ಒಂದು ಸಂಸ್ಥೆಯ ಪರವಾಗಿಯೂ ಅಲ್ಲದೆ, ಮೃತ್ಯುಪತ್ರದಲ್ಲಿ ಧರ್ಮವನ್ನು ನೆನೆಯಿರಿ ಎಂದಷ್ಟೇ ಜನರಿಗೆ ಹೇಳತೊಡಗಿದವು. 2013ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ಫಲವು ಈ ಪ್ರಸಂಗದಲ್ಲಿ ಉಲ್ಲೇಖಾರ್ಹ. ಮೃತ್ಯುಪತ್ರ ಬರೆಸಲು ಬಂದವರನ್ನು ದಾನದ ವಿಷಯವಾಗಿ ಏನೂ ಕೇಳದಿದ್ದಾಗ ನೂರಕ್ಕೆ ಸುಮಾರು 5 ಮಂದಿ ತಾವಾಗಿಯೇ ಧರ್ಮಕ್ಕೆ ಭಾಗವನ್ನು ಬರೆಸಿದರು. ಕೊಡುವ ಇಚ್ಛೆಯುಂಟೇ ಎಂದು ಒಂದು ಮಾತು ಕೇಳಿದಾಗ ಸುಮಾರು 10 ಮಂದಿ ಬರೆಸಿದರು. ಅನೇಕರು ಹೀಗೆ ಕೊಡುತ್ತಾರೆ, ನಿಮ್ಮ ಮನಸ್ಸಿಗೆ ಹತ್ತಿರವಾದ ಸೇವೆ ಯಾವುದಾದರೂ ಉಂಟೇ ಎಂದು ಕೇಳಿದಾಗ 15 ಮಂದಿ ಬರೆಸಿದರು. ಧರ್ಮಬುದ್ಧಿಯು ಜನರಲ್ಲಿ ಇಲ್ಲವೆಂದಲ್ಲ. ಅದನ್ನು ಯಾರೂ ವಿಚಾರಿಸಿರುವುದಿಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಕೇಳುವವನು ಯಾರು ಎಂಬುದರಲ್ಲಿ ಧರ್ಮಸೂಕ್ಷ್ಮವಿದೆ. ಒಂದೇ ಸಂಸ್ಥೆಯ ಕಾರ್ಯಕರ್ತನು ಮುದುಕನೊಬ್ಬನ ಮನೆಗೆ ಮತ್ತೆ ಮತ್ತೆ ಹೋಗಿ ಅವನ ಮರಣದ ಮಾತನ್ನೆತ್ತಿದರೆ, ಅವನ ಕಣ್ಣು ರೋಗಿಯ ಮೇಲಿದೆಯೋ ರೋಗಿಯ ಹೊಲದ ಮೇಲಿದೆಯೋ ಎಂಬ ಸಂಶಯವು ಮನೆಯವರಿಗೆ ಸಹಜವಾಗಿಯೇ ಹುಟ್ಟುತ್ತದೆ. ಎರಡು ಸಂಸ್ಥೆಗಳು ಪೈಪೋಟಿಯಿಂದ ಹೋದರಂತೂ ಸಾವಿನ ಮನೆಯೇ ಸಂತೆಯಾಗುತ್ತದೆ. ಊರಿನ ಪ್ರಸಾದನಿಲಯ, ಅನಾಥಾಲಯ, ಧರ್ಮಾಸ್ಪತ್ರೆ, ವಾಚನಾಲಯ, ಗೋಶಾಲೆ ಇವೆಲ್ಲ ಕೂಡಿ ವರುಷಕ್ಕೊಮ್ಮೆ ಒಂದು ಸಭೆ ಕರೆದು, ವಕೀಲರೊಬ್ಬರಿಂದ ಮೃತ್ಯುಪತ್ರದ ಕ್ರಮವನ್ನು ತಿಳಿಸಿ, ಯಾರಿಗೆ ಎಷ್ಟು ಎಂಬುದನ್ನು ಕೇಳುವವರ ಅಂತಃಸಾಕ್ಷಿಗೆ ಬಿಟ್ಟರೆ ಆ ಸಂಶಯಕ್ಕೆ ಬಹುಮಟ್ಟಿಗೆ ಎಡೆಯಿರುವುದಿಲ್ಲ. ಅಲ್ಲಿ ಕೈಚಾಚುವ ಯಾಚಕನಿಲ್ಲ. ತಿಳಿವಳಿಕೆ ಕೊಡುವ ಹಿತೈಷಿಯಿದ್ದಾನೆ.

ಇದಕ್ಕೆ ಸಂಸ್ಥೆಗಳವರ ಪ್ರತಿವಾದವು ಹೀಗಿರಬಹುದು: ತಲೆಮಾರುಗಳಿಂದ ತಮಗೆ ನಡೆದುಕೊಂಡ ಮನೆತನಗಳನ್ನು ಸಭೆಗೆ ಕರೆತಂದು, ಅವರ ದತ್ತಿಯು ಪಕ್ಕದ ಸಂಸ್ಥೆಗೆ ಹೋಗುವುದನ್ನು ತಾವೇ ನೋಡುತ್ತ ಕುಳಿತಿರಬೇಕೇ? ಈ ಪ್ರಶ್ನೆಯಲ್ಲಿಯೇ ಪರೀಕ್ಷೆಯಿದೆ. ಭಕ್ತನಿಗೆ ನಿರ್ಮಮತೆಯನ್ನು ಬೋಧಿಸುವ ಸಂಸ್ಥೆಯು ಭಕ್ತನ ಮೇಲೆ ತನಗಿರುವ ಮಮತೆಯನ್ನು ಬಿಡಬಲ್ಲುದೇ? ತನ್ನ ಅಂಗಳದಲ್ಲಿ ಬಿತ್ತಿದ ಬೀಜವು ನೆರೆಯವನ ಹೊಲದಲ್ಲಿ ಬೆಳೆದರೂ ಹಸಿದವನಿಗೆ ಅನ್ನವೇ ಆಯಿತೆಂದು ಸಂತೋಷಿಸಬಲ್ಲ ಸಂಸ್ಥೆಯೇ ದಾಸೋಹದ ಹೆಸರನ್ನು ಹೇಳಲು ಅರ್ಹವಾದುದು. ವ್ಯಕ್ತಿಗೆ ದಾಸೋಹವಿರುವಂತೆ ಸಂಸ್ಥೆಗೂ ದಾಸೋಹವಿದೆ; ಅದನ್ನು ಮಾಡುವ ರೀತಿ ಇದೇ.

ಹೀಗೆ ಒಂದುಗೂಡುವ ಸಂಸ್ಥೆಗಳು ಕೆಲವು ಕಟ್ಟಳೆಗಳನ್ನು ತಾವೇ ಹಾಕಿಕೊಳ್ಳತಕ್ಕುದು. ಹಾಸಿಗೆ ಹಿಡಿದವರಲ್ಲಿ ಈ ಮಾತನ್ನು ಎತ್ತಬಾರದು. ಪತ್ರವನ್ನು ಸಂಸ್ಥೆಯವರು ಬರೆಯಬಾರದು, ಬರೆಯುವಾಗ ಎದುರಿಗಿರಬಾರದು, ಸಾಕ್ಷಿಯಾಗಲೂ ಬಾರದು. ಮನೆಯವರಿಗೆ ಮುಚ್ಚಿಟ್ಟು ಕೊಡುವ ದತ್ತಿಯನ್ನು ಪ್ರೋತ್ಸಾಹಿಸಬಾರದು. ಬಂದ ಪ್ರತಿಯೊಂದು ದತ್ತಿಯ ಲೆಕ್ಕವನ್ನೂ ವರುಷಕ್ಕೊಮ್ಮೆ ಊರ ಮುಂದೆ ಓದಬೇಕು. ಐದು ಸಾವಿರ ಬಿಟ್ಟುಹೋದ ಕೂಲಿಯ ಹೆಸರನ್ನೂ ಐದು ಲಕ್ಷ ಬಿಟ್ಟುಹೋದ ಸಾಹುಕಾರನ ಹೆಸರನ್ನೂ ಒಂದೇ ಅಕ್ಷರದಲ್ಲಿ ಬರೆಯಬೇಕು.

ಗೃಹಸ್ಥನ ಪಾಲಿನ ಕೆಲಸವು ಹೆಚ್ಚು ಕಠಿಣವಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೆಯ ಕಲಮಿನಂತೆ ಬರೆದವನ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ದೃಢೀಕರಿಸುವ ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಮೃತ್ಯುಪತ್ರವು ಸಿದ್ಧವಾಗುತ್ತದೆ. ಮುದ್ರಾಂಕ ಕಾಗದ ಬೇಕಾಗಿಲ್ಲ. ನೋಂದಣಿಯು ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ವಿವಾದಕ್ಕೆ ಎಡೆ ಕಡಿಮೆಯಾಗುತ್ತದೆ. ಬುದ್ಧಿ ಸ್ಥಿಮಿತದಲ್ಲಿರುವವರೆಗೆ ಅದನ್ನು ಎಷ್ಟು ಸಲವಾದರೂ ಬದಲಾಯಿಸಬಹುದು. ನೊಬೆಲ್ಲನ ಪ್ರಸಂಗವನ್ನು ನೆನೆದು, ದತ್ತಿಯನ್ನು ಪಡೆಯುವ ಸಂಸ್ಥೆಗೂ ಮಕ್ಕಳಿಗೂ ಮೊದಲೇ ತಿಳಿಸಬೇಕು. ಮುಲನ್‌ಫಿಯ ಪ್ರಸಂಗವನ್ನು ನೆನೆದು, ಹೇಳಿದ ಉದ್ದೇಶವು ಮುಂದೊಂದು ದಿನ ಅಳಿದರೆ ಅದಕ್ಕೆ ಸಮೀಪವಾದ ಇನ್ನೊಂದು ಸೇವೆಗೆ ಬಳಸಬಹುದೆಂಬ ಒಂದು ವಾಕ್ಯವನ್ನು ಸೇರಿಸಬೇಕು. ಈ ಒಂದು ವಾಕ್ಯವನ್ನು ಬರೆಯುವುದಕ್ಕೆ ಅಹಂಕಾರವು ಸುಲಭವಾಗಿ ಒಪ್ಪುವುದಿಲ್ಲ. ತನ್ನ ಇಚ್ಛೆಯೇ ಎಂದೆಂದಿಗೂ ನಡೆಯಬೇಕೆಂಬುದು ಮನುಷ್ಯನ ಕೊನೆಯ ಆಸೆ. ಅದನ್ನು ಬಿಟ್ಟುಕೊಟ್ಟಾಗಲೇ ದಾನವು ಪೂರ್ಣವಾಗಿ ದಾಸೋಹವಾಗುವುದು.

ಇಷ್ಟೆಲ್ಲ ಆದರೂ ಒಂದು ಕಷ್ಟವು ಉಳಿದೇ ಇರುತ್ತದೆ. ತಂದೆಯು ಧರ್ಮಕ್ಕೆ ಬರೆದ ಭಾಗವನ್ನು ನೋಡಿ ಮಗನ ಮನಸ್ಸು ನೋಯಬಹುದು. ಅವನಿಗೂ ಸಾಲವಿರಬಹುದು, ಅವನಿಗೂ ಮಕ್ಕಳಿರಬಹುದು. ಈ ನೋವನ್ನು ಯಾವ ಕಲಮೂ ಪರಿಹರಿಸದು. ಒಂದೇ ಒಂದು ಉಪಾಯವಿದೆ. ಬರೆಯುವ ಮುನ್ನ ತಂದೆಯು ಮಗನನ್ನೂ ಮಗಳನ್ನೂ ಕೂಡಿಸಿಕೊಂಡು, ಯಾರಿಗೆ ಏಕೆ ಕೊಡಬೇಕೆಂದಿರುವನೆಂಬುದನ್ನು ಬಾಯಿಬಿಟ್ಟು ಹೇಳಿ, ಅವರ ಮಾತನ್ನೂ ಕೇಳುವುದು. ಆ ಮಾತುಕತೆಯಲ್ಲಿ ಭಾಗವು ಸ್ವಲ್ಪ ಕಿರಿದಾಗಬಹುದು. ಆದರೆ ಮಕ್ಕಳ ಒಪ್ಪಿಗೆಯೊಡನೆ ಹೊರಟ ಕಿರಿದು ಭಾಗವು ಅವರ ಕಣ್ಣೀರಿನೊಡನೆ ಹೊರಟ ಹಿರಿದು ಭಾಗಕ್ಕಿಂತ ಮೇಲು. ತಂದೆಯ ಆಸ್ತಿಯಲ್ಲಿ ಪಾಲು ಪಡೆದ ಮಕ್ಕಳು ಆ ದಿನ ಅವನ ದಾಸೋಹದಲ್ಲಿಯೂ ಪಾಲು ಪಡೆದಂತಾಗುತ್ತದೆ.

ಮೃತ್ಯುವಿನ ಮಾತು ಅಮಂಗಳವೆಂದು ಅಂಜುವ ಮನೆಗಳಲ್ಲಿ ಆ ಒಂದು ಸಂಜೆಯ ಮಾತುಕತೆ ನಡೆಯಲಿ. ಅದಕ್ಕೆ ಬೇಕಾದ ಧೈರ್ಯವನ್ನೂ ತಿಳಿವಳಿಕೆಯನ್ನೂ ಊರಿನ ಧರ್ಮಸಂಸ್ಥೆಗಳು ಒಂದುಗೂಡಿ ಒದಗಿಸಲಿ. ಉಳಿದುದು ಯಾರದೆಂಬುದನ್ನು ಉಳಿದಿರುವಾಗಲೇ ಅರಿತವನ ಬಾಳು ಹಗುರಾಗಿರುತ್ತದೆ. ಅವನ ಬೀಳ್ಕೊಡುಗೆಯೂ ಹಗುರಾಗಿರುತ್ತದೆ.